ಚೆಂಡು ನೋಡಬೇಡಿ, ಕಾಲು ನೋಡಿ

ನ್ಯೂಜೆರ್ಸಿಯಲ್ಲಿ ಶುಕ್ರವಾರ ಸಂಜೆಯಾದರೆ ನಾನು ಕಪ್ಪು ಬಿಳಿ ಪಟ್ಟೆಯ ಅಂಗಿ ತೊಟ್ಟು ಹೈಸ್ಕೂಲ್ ಹುಡುಗರ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಪಕ್ಕದ ಗೆರೆ ಕಾಯುತ್ತೇನೆ. ಲೈನ್ ಜಡ್ಜ್ ಕೆಲಸ. ಗ್ಯಾಲರಿಯಿಂದ ಪ್ರತಿ ಸಲ ಒಂದೇ ಕೂಗು, ನಮ್ಮ ಕನ್ನಡದವರ ಬಾಯಲ್ಲೂ ಕೇಳಿದ್ದೇನೆ: "ಅಯ್ಯೋ, ಬಾಲ್ ಗೆರೆ ದಾಟಿತ್ತಲ್ಲಾ!"

ದಾಟಿರಬಹುದು. ಏನೀಗ?

ಚೆಂಡು ಗಾಳಿಯಲ್ಲಿ ಗೆರೆಯ ಯಾವ ಕಡೆ ಇದೆ ಅನ್ನೋದು ಲೆಕ್ಕಕ್ಕಿಲ್ಲ. ಯಾವುದು ಯಾವುದಕ್ಕೆ ತಾಗಿತು ಅನ್ನೋದೇ ಲೆಕ್ಕ. ಹುಡುಗ ಹೊರಗಿನ ಕೈಯಲ್ಲಿ ಚೆಂಡು ಹಿಡಿದು ಗೆರೆಗೆ ಒತ್ತಿಕೊಂಡೇ ಓಡುತ್ತಾನೆ, ಚೆಂಡು ಪೂರ್ತಿ ಆಚೆಗಿದೆ, ಎರಡೂ ಕಾಲು ಒಳಗಿನ ಹುಲ್ಲಿನ ಮೇಲಿವೆ. ಆಟ ನಡೆಯುತ್ತದೆ. ಇನ್ನೊಬ್ಬ ಚೆಂಡನ್ನು ಎದೆಗೆ ಅವುಚಿಕೊಂಡಿದ್ದಾನೆ, ಶೂ ತುದಿ ಮಾತ್ರ ಬಿಳಿ ಬಣ್ಣಕ್ಕೆ ತಾಗಿತು. ಶಿಳ್ಳೆ. ಇಲ್ಲಿ ಗೆರೆಯೂ ಹೊರಗೇ. ಬ್ಯಾಡ್ಮಿಂಟನ್‌ನಲ್ಲಿ ಗೆರೆ ಮೇಲೆ ಬಿದ್ದ ಕಾಕ್ ಒಳಗೆ ಅಲ್ವಾ, ಆ ಲೆಕ್ಕ ಇಲ್ಲಿಗೆ ತರಬೇಡಿ. ಬೇಕಾದರೆ ಬೌಂಡರಿ ಹಗ್ಗ ನೆನೆಸಿಕೊಳ್ಳಿ. ಫೀಲ್ಡರ್ ಹಗ್ಗದಾಚೆ ಕೈ ಚಾಚಿ ಕ್ಯಾಚ್ ಹಿಡಿದರೂ, ಹಗ್ಗಕ್ಕೆ ಕಾಲು ತಾಗದಿದ್ದರೆ ಸಿಕ್ಸರ್ ಇಲ್ಲ. ಹೆಚ್ಚು ಕಡಿಮೆ ಅದೇ.

ಜನ ಎಡವುವುದು ಮೈದಾನದ ತುದಿಯ ಗೋಲ್ ಲೈನ್‌ನಿಂದ ಅಂತ ನನ್ನ ಅನುಮಾನ. ಅಲ್ಲಿ ಲೆಕ್ಕ ಉಲ್ಟಾ. ಕೈಯಲ್ಲಿರುವ ಚೆಂಡಿನ ಚೂಪು ತುದಿ ಆ ಗೆರೆಯ ನೇರಕ್ಕೆ ಬಂದರೆ ಸಾಕು, ಕಾಲು ಹಿಂದೆಯೇ ಇದ್ದರೂ ಟಚ್‌ಡೌನ್, ಅಂದರೆ ಅಂಕ. ಅದನ್ನು ಟಿವಿಯಲ್ಲಿ ನೋಡಿ ನೋಡಿ ಪಕ್ಕದ ಗೆರೆಗೂ ಅನ್ವಯಿಸಿಬಿಡುತ್ತಾರೆ.

ಇಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಫೈನಲ್, 2009ರ ಫೆಬ್ರವರಿ 1ರ ಸೂಪರ್ ಬೌಲ್ ನೋಡಿದ್ದೀರಾ? 35 ಸೆಕೆಂಡ್ ಉಳಿದಿದ್ದಾಗ ಪಿಟ್ಸ್‌ಬರ್ಗ್‌ನ ಸ್ಯಾಂಟೋನಿಯೊ ಹೋಮ್ಸ್ ಮೂಲೆಯಲ್ಲಿ ಚೆಂಡು ಹಿಡಿದಾಗ ಮೈಯೆಲ್ಲ ಹೊರಕ್ಕೆ ವಾಲಿತ್ತು. ಎರಡೂ ಕಾಲಿನ ಬೆರಳ ತುದಿ ಒಳಗೆ ಊರಿದ್ದವು, ಅಷ್ಟೇ ಸಾಕಾಯಿತು. ಎದುರಾಳಿ ಅರಿಜೋನಾ 27-23ಕ್ಕೆ ಸೋತಿತು. (ಎನ್‌ಎಫ್‌ಎಲ್‌ನಲ್ಲಿ ಎರಡು ಕಾಲು ಬೇಕು, ನಮ್ಮ ಹೈಸ್ಕೂಲ್ ಹುಡುಗರಿಗೆ ಒಂದು ಸಾಕು. ನಾನು ಹೇಳುತ್ತಿರುವುದು ಹೈಸ್ಕೂಲ್ ನಿಯಮ. ಬೆಟ್ ಕಟ್ಟುವ ಮುಂಚೆ ನಿಮ್ಮ ಲೀಗಿನ ಪುಸ್ತಕ ನೋಡಿಕೊಳ್ಳಿ.)

ಹುಡುಗರು ಇದನ್ನು ಬೇಗ ಕಲಿಯುತ್ತಾರೆ. ಒಂದು ಆಟದಲ್ಲಿ ಕಿಕ್‌ಆಫ್‌ಗೆ, ಅಂದರೆ ಆಟ ಶುರು ಮಾಡಲು, ಒಂದು ತಂಡ ಒದ್ದ ಚೆಂಡು ಗೆರೆ ಪಕ್ಕ ಒಳಗೇ ಉರುಳುತ್ತಿತ್ತು. ಎದುರು ತಂಡದ ಒಬ್ಬ ಪೋರ ಬೇಕಂತಲೇ ಒಂದು ಕಾಲು ಹೊರಗಿಟ್ಟು ಅದನ್ನು ಎತ್ತಿಕೊಂಡ. ಹೊರಗಿರುವವನು ಮುಟ್ಟಿದರೆ ಚೆಂಡೂ ಹೊರಗೆ, ತಪ್ಪು ಒದ್ದವರದ್ದು. ಇದು ಗೊತ್ತಿಲ್ಲದ ಅವನ ಕಡೆಯವರೇ "ಕಾಲು ನೋಡ್ಕೊಳೋ" ಎಂದು ಬೈದರು, ಪಾಪ.

ಇನ್ನೊಂದು ಆಟದಲ್ಲಿ ಕೊನೆಯ ನಿಮಿಷ. ಸೋಲುತ್ತಿದ್ದ ತಂಡದ ಹುಡುಗ ಗೆರೆಗುಂಟ ಓಡುತ್ತಾ ಆಚೆ ನಿಂತಿದ್ದ ನನ್ನ ಭುಜಕ್ಕೆ ಗುದ್ದಿ ಮುಂದೆ ಹೋದ, ಸ್ವಲ್ಪ ದೂರದಲ್ಲಿ ಒಳಗೇ ಬಿದ್ದ. ಔಟ್ ಅಂದಿದ್ದರೆ ಗಡಿಯಾರ ನಿಂತು ಅವರಿಗೆ ಸಮಯ ಉಳಿಯುತ್ತಿತ್ತು. ನಾನು ಅನ್ನಲಿಲ್ಲ. ಆಟ ಮುಗಿದ ಮೇಲೆ ಅವರಪ್ಪ ಬಂದರು, ಮೈಸೂರು ಕಡೆಯವರು.

"ಸಾರ್, ನೀವು ಹೊರಗಿದ್ರಿ. ನಿಮ್ಮನ್ನ ಮುಟ್ಟಿದ್ನಲ್ಲ?"

"ಇನ್ನೊಬ್ಬ ಆಟಗಾರ, ರೆಫರಿ, ಇವರಿಗೆ ತಾಗಿದ್ರೆ ಔಟ್ ಅಲ್ಲ ಸಾರ್. ಕೋಚ್‌ಗೆ ತಾಗಿದ್ರೆ ಔಟು. ನೀರಿನ ಬಾಟ್ಲಿಗೆ ತಾಗಿದ್ರೂ ಔಟು."

"ಅಂದ್ರೆ ನೀವು ನೀರಿನ ಬಾಟ್ಲಿಗಿಂತ ಕಡೆನಾ?"

ನಿಯಮದ ಪ್ರಕಾರ ಹೌದು ಅಂದೆ. ಭುಜ ಇನ್ನೂ ನೋಯುತ್ತಿತ್ತು.