ನಾವಿಕರನ್ನು ಹಿಡಿದೊಯ್ಯುವುದು ಇಂಗ್ಲೆಂಡಿನಲ್ಲಿ ಕಾನೂನಾಗಿತ್ತೇ?

ಪ್ರಶ್ನೆ: ಹಿಂದೆ ಬ್ರಿಟಿಷ್ ನೌಕಾಪಡೆಯವರು ಬೀದಿಯಲ್ಲಿ ಸಿಕ್ಕವರನ್ನೆಲ್ಲ ಹಿಡಿದು ಹಡಗಿಗೆ ತುಂಬುತ್ತಿದ್ದರಂತೆ. ಮ್ಯಾಗ್ನಾ ಕಾರ್ಟಾ ಹುಟ್ಟಿದ ನಾಡಿನಲ್ಲಿ ಇದು ಹೇಗೆ ನಡೆಯಿತು? ಕೋರ್ಟು ತಡೆಯಲಿಲ್ಲವೇ?

ಸಿಕ್ಕವರನ್ನೆಲ್ಲ ಅಲ್ಲ. ಹಿಡಿಯಲು ಅವಕಾಶವಿದ್ದದ್ದು ಸಮುದ್ರದ, ದೋಣಿಯ ಕಸುಬಿನವರನ್ನು ಮಾತ್ರ. ದೊಣ್ಣೆ ಹಿಡಿದ 'ಪ್ರೆಸ್ ಗ್ಯಾಂಗ್' ಹೆಂಡದಂಗಡಿಗೆ ನುಗ್ಗುವ ಚಿತ್ರ ಪೂರ್ತಿ ಸುಳ್ಳಲ್ಲ. ಆದರೆ ದೊಡ್ಡ ಬೇಟೆ ನೀರಿನ ಮೇಲೇ ನಡೆಯುತ್ತಿತ್ತು. ತಿಂಗಳುಗಟ್ಟಲೆ ಪಯಣ ಮುಗಿಸಿ ಬಂದರಿನ ಬಾಯಿಗೆ ಬಂದ ವ್ಯಾಪಾರಿ ಹಡಗನ್ನು ತಡೆದು, ನುರಿತ ಆಳುಗಳನ್ನು ಇಳಿಸಿಕೊಂಡು ಹೋಗುತ್ತಿದ್ದರು. ಹೆಂಡತಿ ಮಕ್ಕಳ ಮುಖ ನೋಡುವ ಮೊದಲೇ ಮತ್ತೆ ಸಮುದ್ರ. ನಮ್ಮ ಕಡೆಯ ಬಿಟ್ಟಿ ಚಾಕರಿ ನೆನಪಾಗುತ್ತದೆ, ನಿಜ. ಆದರೆ ಇಲ್ಲಿ ಸಂಬಳವಿತ್ತು. 'ಪ್ರೆಸ್' ಎಂಬ ಹೆಸರೇ 'ಪ್ರೆಸ್ಟ್' ಎಂಬ ಹಳೆಯ ಪದದಿಂದ ಬಂದದ್ದು. ಅಂದರೆ ಮುಂಗಡ, ನಾವು ಅಚ್ಚಾರ ಅನ್ನುತ್ತೇವಲ್ಲ, ಅದು. ಕೈಗೆ ಅಚ್ಚಾರ ಬಿತ್ತೆಂದರೆ ಆಳು ರಾಜನವನು.

ಕೋರ್ಟಿನ ಮಾತಿಗೆ ಬಂದರೆ, 1743ರ ಬ್ರಿಸ್ಟಲ್‌ನ ಒಂದು ಕೊಲೆ ಮೊಕದ್ದಮೆ ನೋಡಬೇಕು. ಅಲೆಕ್ಸಾಂಡರ್ ಬ್ರಾಡ್‌ಫೂಟ್ ಎಂಬ ನಾವಿಕನಿದ್ದ ವ್ಯಾಪಾರಿ ಹಡಗಿಗೆ ನೌಕಾಪಡೆಯ ದೋಣಿಯೊಂದು ಬಂತು. ಅವನ ಕೈಯಲ್ಲಿ ಅಗಲ ಬಾಯಿಯ ಬಂದೂಕಿತ್ತು. ಯಾಕೆ ಬಂದಿರಿ ಎಂದು ಕೇಳಿದ. ನಿನ್ನನ್ನೂ ನಿನ್ನ ಜೊತೆಗಾರರನ್ನೂ ಒಯ್ಯಲು ಎಂದರು. ಗುಂಡು ಹಾರಿತು, ದೋಣಿಯಿಂದ ಬಂದವರಲ್ಲೊಬ್ಬ ಸತ್ತ.

ವಿಚಾರಣೆ ನಡೆಸಿದ ಮೈಕೇಲ್ ಫಾಸ್ಟರ್ ಎರಡು ಮಾತು ಹೇಳಿದರು. ಒಂದು, ನಾವಿಕರನ್ನು ಹಿಡಿಯುವ ಅಧಿಕಾರ ರಾಜನಿಗೆ ಇದೆ. ಎರಡು, ಈ ತಂಡಕ್ಕೆ ಅದು ಇರಲಿಲ್ಲ. ಯಾಕೆಂದರೆ ವಾರಂಟಿನ ಪ್ರಕಾರ ನೇಮಕಗೊಂಡ ಅಧಿಕಾರಿಯೇ ಹಿಡಿಯಬೇಕು, ಆದರೆ ಆ ಅಧಿಕಾರಿ, ಅಂದರೆ ಲೆಫ್ಟಿನೆಂಟ್, ಆ ದೋಣಿಯಲ್ಲಿ ಬಂದೇ ಇರಲಿಲ್ಲ. ಹಾಗಾಗಿ ಬ್ರಾಡ್‌ಫೂಟ್ ಮಾಡಿದ್ದು ಕೊಲೆಯಲ್ಲ, ಅದಕ್ಕಿಂತ ಕಡಿಮೆಯ ನರಹತ್ಯೆ. ಅವನ ಕುತ್ತಿಗೆ ಉಳಿಯಿತು. ಆದರೆ ಆ ಅಧಿಕಾರದ ಬುಡ ಇನ್ನೂ ಗಟ್ಟಿಯಾಯಿತು.

ಈ ಅಧಿಕಾರ ಎಲ್ಲಿಂದ ಬಂತು? ಯಾವುದೋ ಒಂದು ಕಾಯ್ದೆ ಕೊಟ್ಟದ್ದಲ್ಲ, ರೂಢಿ. ಪಾರ್ಲಿಮೆಂಟು ಹೆಚ್ಚಾಗಿ ಮಾಡುತ್ತಿದ್ದದ್ದು ವಿನಾಯಿತಿ ಬರೆಯುವ ಕೆಲಸ. 1740ರ ಕಾಯ್ದೆಯಂತೆ 18 ತುಂಬದವರನ್ನು, 55 ದಾಟಿದವರನ್ನು ಮುಟ್ಟುವಂತಿಲ್ಲ. ಫಾಸ್ಟರ್ ಇದನ್ನೇ ಹಿಡಿದುಕೊಂಡರು: ಅಧಿಕಾರವೇ ಇಲ್ಲದಿದ್ದರೆ ವಿನಾಯಿತಿ ಏಕೆ ಬೇಕಿತ್ತು? ವಕೀಲರ ಬುದ್ಧಿ ಅಂದರೆ ಇದು. ಬೇಲಿ ತೋರಿಸಿ ಹೊಲ ತಮ್ಮದೆಂದರು.

ನನಗೆ ಹೆಚ್ಚು ಕಾಡುವುದು ಲಾರ್ಡ್ ಮ್ಯಾನ್ಸ್‌ಫೀಲ್ಡ್. 1772ರಲ್ಲಿ ಹಡಗಿನಲ್ಲಿ ಸಂಕೋಲೆ ಹಾಕಿ ಕೂಡಿಟ್ಟಿದ್ದ ಜೇಮ್ಸ್ ಸಾಮರ್‌ಸೆಟ್ ಎಂಬ ಗುಲಾಮನನ್ನು ಬಿಡಿಸಿದ ನ್ಯಾಯಾಧೀಶರು ಇವರೇ. ಸ್ಪಷ್ಟವಾದ ಕಾನೂನಿನ ಆಧಾರವಿಲ್ಲದೆ ಗುಲಾಮಗಿರಿ ನಿಲ್ಲದು ಎಂಬುದು ಅವರ ವಾದ. ನಾಲ್ಕು ವರ್ಷ ಕಳೆದು, 1776ರಲ್ಲಿ, ಟಬ್ಸ್ ಎಂಬ ಥೇಮ್ಸ್ ನದಿಯ ದೋಣಿಗಾರ ಲಂಡನ್ ನಗರದ ಸೇವೆಯಲ್ಲಿರುವ ತನಗೆ ವಿನಾಯಿತಿ ಇದೆ ಎಂದು ಬಂದಾಗ ಅದೇ ಮ್ಯಾನ್ಸ್‌ಫೀಲ್ಡ್ ಒಪ್ಪಲಿಲ್ಲ. ಇದು ತಲೆತಲಾಂತರದ ರೂಢಿ, ರಾಜ್ಯದ ಸುರಕ್ಷತೆಯೊಂದೇ ಇದಕ್ಕೆ ಸಮರ್ಥನೆ ಎಂದರು. ಗುಲಾಮಗಿರಿಗೆ ಸಾಕಾಗದ ರೂಢಿ ಇಲ್ಲಿ ಸಾಕಾಯಿತು.

ಕೋರ್ಟಿನಲ್ಲಿ ಆಗದ್ದು ಹಡಗಿನ ಅಟ್ಟದ ಮೇಲೆ ಶುರುವಾಯಿತು. 1797ರ ಏಪ್ರಿಲ್‌ನಲ್ಲಿ, ಫ್ರಾನ್ಸ್ ಜೊತೆ ಯುದ್ಧ ನಡೆದಿರುವಾಗಲೇ, ಪೋರ್ಟ್ಸ್‌ಮತ್ ಬಂದರಿನ ಹತ್ತಿರದ ಸ್ಪಿಟ್‌ಹೆಡ್ ಎಂಬ ಲಂಗರು ತಾಣದಲ್ಲಿ ನಿಂತಿದ್ದ ನೌಕಾಪಡೆಯ ನಾವಿಕರು ಲಂಗರು ಎತ್ತುವುದಿಲ್ಲ ಎಂದರು. ಸಂಬಳ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಏರಿರಲಿಲ್ಲ. ಪಡಿಯಲ್ಲೂ ಮೋಸ: 16 ಔನ್ಸಿನ ಪೌಂಡನ್ನು ಹಡಗಿನ ಉಗ್ರಾಣದವನು 14ಕ್ಕೇ ಅಳೆಯುತ್ತಿದ್ದ. ಫ್ರೆಂಚರು ಹೊರಟರೆ ನಾವೂ ಹೊರಡುತ್ತೇವೆ ಎಂದು ಮೊದಲೇ ತಿಳಿಸಿದ್ದು ಅವರ ಜಾಣತನ. ಪಾರ್ಲಿಮೆಂಟು ಸಂಬಳ ಏರಿಸಿತು, ಎಪ್ಪತ್ತು ದಾಟಿದ ನೌಕಾಪಡೆಯ ಅಡ್ಮಿರಲ್ ಲಾರ್ಡ್ ಹೋ ಕ್ಷಮಾಪತ್ರ ಹಿಡಿದು ಬಂದರು. ಆದರೆ ನೋರ್ ಎಂಬ ಇನ್ನೊಂದು ಲಂಗರು ತಾಣದಲ್ಲಿ ನಾವಿಕರ ಇನ್ನೊಂದು ಗುಂಪು ಇನ್ನಷ್ಟು ಕೇಳಿ ಥೇಮ್ಸ್ ನದಿಯ ಬಾಯಿಯನ್ನೇ ಕಟ್ಟಿಹಾಕಿದಾಗ ಸರ್ಕಾರ ಮಣಿಯಲಿಲ್ಲ. ಮುಂದಾಳು ರಿಚರ್ಡ್ ಪಾರ್ಕರ್‌ನನ್ನು ಜೂನ್ 30ರಂದು ಗಲ್ಲಿಗೇರಿಸಿತು.

ಇಷ್ಟಾದರೂ ಹಿಡಿಯುವುದು ನಿಲ್ಲಲಿಲ್ಲ. ಅಮೆರಿಕದ ಹಡಗುಗಳಿಂದಲೂ ನಾವಿಕರನ್ನು ಇಳಿಸಿಕೊಂಡದ್ದು 1812ರ ಯುದ್ಧಕ್ಕೆ ಒಂದು ಕಾರಣವಾಯಿತು. ನೆಪೋಲಿಯನ್ ಸೋತ ಮೇಲೆ ಅಗತ್ಯ ತೀರಿತು. 1835ರ ಕಾಯ್ದೆ ಕೂಡ ಅಧಿಕಾರವನ್ನು ತೆಗೆದುಹಾಕಲಿಲ್ಲ, ಹಿಡಿದವನನ್ನು ಐದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದಿತಷ್ಟೆ. 1853ರಲ್ಲಿ 10 ವರ್ಷದ ಕಾಯಂ ಸೇವೆ ಬಂತು. ಒಂದೊಂದು ಹಡಗಿಗೆಂದು ಸೇರಿ ಅದರ ಯಾನ ಮುಗಿದಾಗ ಬೀದಿಗೆ ಬೀಳುವ ಬದಲು, ನಾವಿಕ ನೌಕಾಪಡೆಯ ಖಾಯಂ ನೌಕರನಾದ. ಮರುವರ್ಷವೇ ರಷ್ಯಾ ಜೊತೆ ಕ್ರಿಮಿಯನ್ ಯುದ್ಧಕ್ಕಿಳಿದ ಬ್ರಿಟನ್, ಪ್ರೆಸ್ ಗ್ಯಾಂಗನ್ನು ಕಳಿಸದೆಯೇ ಹಡಗುಗಳನ್ನು ಹೊರಡಿಸಿತು.