ಹೊಳೆಕಲ್ಲಿಗೆ ಬೆಂಕಿ ತೋರಿಸಬೇಡಿ

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ತರಹದ ಕರೆಗಳು. "ಸಾರ್, ಅಂಗಳದಲ್ಲಿ ನಾವೇ ಒಂದು ಫೈರ್‌ಪ್ಲೇಸ್ ಕಟ್ಟಿದ್ವಿ. ಬೆಂಕಿ ಹಾಕಿದ್ರೆ ಕಲ್ಲು ಸಿಡೀತಿದೆ." ಕಲ್ಲು ಎಲ್ಲಿಂದ ತಂದಿರಿ ಅಂತ ಕೇಳುತ್ತೇನೆ. ಕೇಳುವ ಅಗತ್ಯವೇನೂ ಇಲ್ಲ, ಉತ್ತರ ಗೊತ್ತೇ ಇದೆ. ಹೊಳೆಯಿಂದ.

ಆಸೆ ನನಗೂ ಅರ್ಥವಾಗುತ್ತದೆ. ತೋಟದ ಕೆಳಗೇ ಹೊಳೆ. ನುಣ್ಣಗೆ, ಗುಂಡಗೆ ಬಿದ್ದಿರುವ ಕಲ್ಲು, ದುಡ್ಡಿಲ್ಲ. ಜೀಪಿನಲ್ಲಿ ನಾಲ್ಕು ಟ್ರಿಪ್ ಹೊಡೆದು, ಸಿಮೆಂಟಿನಲ್ಲಿ ಕೂರಿಸಿದರೆ ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಹೋಂಸ್ಟೇ ಇಟ್ಟವರಿಗಂತೂ ಆ ಫೋಟೋನೇ ಬೇಕು. ಆದರೆ ವರ್ಷಾನುಗಟ್ಟಲೆ ನೀರಿನಲ್ಲೇ ಬಿದ್ದಿದ್ದ ಕಲ್ಲು ಅದು. ಕಣ್ಣಿಗೆ ಕಾಣದ ಬಿರುಕುಗಳ ಒಳಗೆಲ್ಲ ನೀರು ಸೇರಿರುತ್ತದೆ. ಎದುರಿಗೆ ಬೆಂಕಿ ಉರಿದರೆ ಆ ನೀರು ಆವಿಯಾಗಬೇಕು, ಹೊರಗೆ ಬರಲು ದಾರಿ ಸಾಲದು. ನೀರು ಆವಿಯಾದರೆ 1,600 ಪಟ್ಟಿಗಿಂತ ಹೆಚ್ಚು ಜಾಗ ಕೇಳುತ್ತದೆ. ಅಂದರೆ ಒಂದು ಚಮಚ ನೀರಿಗೆ ಒಂದು ಸಣ್ಣ ಬಿಂದಿಗೆಯಷ್ಟು ಜಾಗ. ಕಲ್ಲು ಸಿಡಿಯದೆ ಇನ್ನೇನು ಮಾಡೀತು?

"ಹದಿನೈದು ದಿನ ಬಿಸಿಲಿಗೆ ಒಣಗಿಸಿದ್ದೀವಿ ಸಾರ್." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒಣಗಿದ್ದು ಮೇಲ್ಮೈ ಮಾತ್ರ, ಕಲ್ಲಿನ ಹೊಟ್ಟೆಯಲ್ಲ. ಪೂರ್ತಿ ಒಣಗಿತು ಅಂತಲೇ ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ನೆನೆದು ಮತ್ತೆ ಮೊದಲಿನಂತೆಯೇ ಆಗುತ್ತದೆ. ಇನ್ನೊಂದು ತೊಡಕೂ ಇದೆ. ಗ್ರಾನೈಟಿನ ಜಾತಿಯ ಕಲ್ಲುಗಳಲ್ಲಿ ಬೆಣಚು (ಕ್ವಾರ್ಟ್ಜ್) ಇರುತ್ತದೆ, ಅದು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ದಿಢೀರನೆ ಹಿಗ್ಗುತ್ತದೆ. ಒಳ್ಳೆಯ ಸೌದೆ ಬೆಂಕಿ ಆ ಬಿಸಿಯನ್ನು ದಾಟುತ್ತದೆ. ಹಾಗಾಗಿ ಒಣಗಿದ ಕಲ್ಲಿಗೂ ನಾನು ಗ್ಯಾರಂಟಿ ಕೊಡುವುದಿಲ್ಲ. ಎಲ್ಲ ಕಲ್ಲೂ ಸಿಡಿಯುತ್ತದೆ ಎಂದಲ್ಲ. ಯಾವುದು ಸಿಡಿಯುತ್ತದೆ ಎಂದು ಹೇಳಲು ಆಗುವುದಿಲ್ಲ, ಅಷ್ಟೇ.

ಸೋಮವಾರಪೇಟೆ ಕಡೆಯ ಒಬ್ಬರ ಮನೆಯಲ್ಲಿ ಚೂರೊಂದು ಹಾರಿ ಅತಿಥಿಯ ಪಂದಿಕರಿ ತಟ್ಟೆಗೇ ಬಿತ್ತು. ಎಲ್ಲರೂ ನಕ್ಕರಂತೆ. ನನಗೆ ನಗು ಬರಲಿಲ್ಲ. ಅರ್ಧ ಅಡಿ ಆಚೆ ಒಂದು ಮಗು ಕೂತಿತ್ತು.

"ಹಿಂದೆ ಮೂರು ಕಲ್ಲಿಟ್ಟು ಅಡುಗೆ ಮಾಡ್ತಿರ್ಲಿಲ್ವಾ?" ಅಂತ ಹಿರಿಯರು ಕೇಳುತ್ತಾರೆ. ಮಾಡುತ್ತಿದ್ದರು ಮಾಮಾ. ಸೂರಿನ ಕೆಳಗೆ, ದಿನಾ ಬೆಂಕಿ ಕಂಡ ಕಲ್ಲದು, ಮಳೆ ಕಂಡಿದ್ದಲ್ಲ. ಸಿಡಿಯುವಂಥದ್ದು ಮೊದಲ ವಾರವೇ ಸಿಡಿದು ಹಿತ್ತಲು ಸೇರಿರುತ್ತಿತ್ತು. ನಿಮ್ಮದೇ ಹಳೇ ಮನೆಯ ಬಚ್ಚಲ ಒಲೆಯನ್ನು ಒಮ್ಮೆ ಬಗ್ಗಿ ನೋಡಿ. ಬೆಂಕಿ ತಾಗುವ ಕಡೆ ಇರುವುದು ಇಟ್ಟಿಗೆ ಮತ್ತು ಮಣ್ಣು. ಸಿಮೆಂಟಿನ ಸುಳಿವಿಲ್ಲ. ಬಿರುಕು ಬಿಟ್ಟರೆ ಅಜ್ಜಿ ಒಂದು ಹಿಡಿ ಮಣ್ಣು ಮೆತ್ತುತ್ತಿದ್ದರು, ರಿಪೇರಿ ಮುಗಿಯಿತು. ಸಿಮೆಂಟ್ ಗಾರೆ ಗಟ್ಟಿಯಾಗಿ ನಿಂತಿರುವುದೇ ಒಳಗೆ ಕಟ್ಟಿಕೊಂಡ ನೀರಿನಿಂದ. 400 ಡಿಗ್ರಿ ದಾಟಿದ ಮೇಲೆ ಆ ಕಟ್ಟು ಬಿಡುತ್ತಾ ಹೋಗಿ, ಗಾರೆ ಪುಡಿಯಾಗಿ ಉದುರುತ್ತದೆ. ಕಾಂಕ್ರೀಟ್ ಬ್ಲಾಕಿಗೂ ಇದೇ ಗತಿ.

ಹಾಗಾದರೆ ಕಡಿಮೆ ಖರ್ಚಿನಲ್ಲಿ ಕಟ್ಟುವುದು ಹೇಗೆ? ಬೆಂಕಿಯ ಮುಖಕ್ಕೆ ಮಾತ್ರ ಖರ್ಚು ಮಾಡಿ. 2 ಅಡಿ ಅಗಲ, 2 ಅಡಿ ಎತ್ತರ, 16 ಇಂಚು ಆಳದ ಗೂಡಿನ ಹಿಂಬದಿ, ಎರಡು ಪಕ್ಕ, ನೆಲ ಎಲ್ಲಕ್ಕೂ ಸೇರಿ 9 × 4½ × 3 ಇಂಚಿನ ಫೈರ್ ಬ್ರಿಕ್ಸ್ (ಬೆಂಕಿಯ ಬಿಸಿ ತಡೆಯುವ ಇಟ್ಟಿಗೆ) 60–65 ಬೇಕಾಗುತ್ತದೆ. ಅದನ್ನು ಫೈರ್ ಕ್ಲೇ (ಬಿಸಿ ತಡೆಯುವ ಜೇಡಿಮಣ್ಣು) ಕಲಸಿ ಕೂರಿಸಿ, ಸಂದು ತೆಳ್ಳಗಿರಲಿ. ಫೈರ್ ಬ್ರಿಕ್ಸ್‌ಗೆ ಕೈಯಲ್ಲಿ ದುಡ್ಡಿಲ್ಲ ಅಂದರೆ, ಬಡಿದರೆ ಕಣ್ ಅನ್ನುವ ಚೆನ್ನಾಗಿ ಬೆಂದ ಇಟ್ಟಿಗೆ, ಜರಡಿ ಹಿಡಿದ ಜೇಡಿಮಣ್ಣು. ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾಗಬಹುದು, ಅಷ್ಟೇ. ಅದರ ಹಿಂದೆ ಒಂದು ಇಂಚು ಸಂದು ಬಿಟ್ಟು ಹೊರಗೋಡೆ. ಅಲ್ಲಿ ಸಿಮೆಂಟ್ ಹಾಕಿ, ಸೈಜುಗಲ್ಲು ಹಾಕಿ, ನಿಮ್ಮಿಷ್ಟ. ಆ ಸಂದಿಗೆ ಮಾತ್ರ ಗಾರೆ ತುಂಬಬೇಡಿ. ಒಳಗಿನ ಗೂಡು ಬಿಸಿಗೆ ಹಿಗ್ಗಲು ಜಾಗ ಬೇಕು. ನಾನು ಬೆನ್ನು ತಿರುಗಿಸಿದ ತಕ್ಷಣ ಮೇಸ್ತ್ರಿಗಳು "ಗಟ್ಟಿ ಇರ್ಲಿ" ಅಂತ ಅದನ್ನೇ ತುಂಬುತ್ತಾರೆ.

ಹೊಗೆಯ ಲೆಕ್ಕ ಚಿಕ್ಕದು. ಹೊಗೆಗೂಡಿನ ಒಳ ಅಳತೆ ಗೂಡಿನ ಬಾಯಿಯ ಹತ್ತನೇ ಒಂದು ಪಾಲಾದರೂ ಇರಬೇಕು. 24 × 24 ಅಂದರೆ 576 ಚದರ ಇಂಚು, ಅದಕ್ಕೆ 8 × 8ರ ಹೊಗೆಗೂಡು ಸಾಕು. ಬಾಯಿ ದೊಡ್ಡದು ಮಾಡಿ 4 ಇಂಚಿನ ಪೈಪ್ ಸಿಕ್ಕಿಸಿದವರ ಮನೆಯಲ್ಲಿ ಹೊಗೆಯೆಲ್ಲ ಕೂತವರ ಮುಖಕ್ಕೇ.

ಜಾಗದ ವಿಷಯದಲ್ಲಿ ಮಾತ್ರ ನನ್ನೊಂದಿಗೆ ವಾದ ಬೇಡ. ಮಂಜು ಕಾಣುತ್ತದೆ ಎಂದು ಮಣ್ಣು ತುಂಬಿಸಿದ ಅಂಗಳದ ಅಂಚಿಗೆ ಕಟ್ಟಲು ಹೇಳುತ್ತಾರೆ. ತುಂಬಿದ ಮಣ್ಣು ಕೂರುತ್ತದೆ, ಭಾರದ ಹೊಗೆಗೂಡು ವಾಲುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡ ಮೇಲೂ ಇದನ್ನು ವಿವರಿಸಬೇಕಾಗಿ ಬಂದಾಗ ಬೇಸರವಾಗುತ್ತದೆ. ಇಳಿಜಾರಿದ್ದರೆ ಇಂಜಿನಿಯರ್ ಒಬ್ಬರಿಗೆ ಜಾಗ ತೋರಿಸಿಯೇ ಮುಂದುವರಿಯಿರಿ.

ಕಟ್ಟಿದ ದಿನವೇ ಪಾರ್ಟಿ ಇಡಬೇಡಿ. ಕೆಲವು ವಾರ ಒಣಗಲಿ, ಆಮೇಲೆ ನಾಲ್ಕೈದು ಸಂಜೆ ಪುರಲೆಯ ಸಣ್ಣ ಬೆಂಕಿ ಸಾಕು. ಮಳೆಗಾಲದಲ್ಲಿ ಮೇಲೆ ಒಂದು ಜಿಂಕ್ ಶೀಟು ಮುಚ್ಚಿ, ಮಳೆ ಮುಗಿದ ಮೇಲೂ ಮತ್ತೆ ಸಣ್ಣ ಬೆಂಕಿಯಿಂದಲೇ ಶುರು ಮಾಡಿ. ಆಮೇಲೆ ಒಣಗಿದ ಕಾಫಿ ಬೊಡ್ಡೆ ಹಾಕಿ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ಇಷ್ಟೆಲ್ಲ ರಗಳೆ ಬೇಡವೆಂದರೆ ಹಳೇ ಲಾರಿ ರಿಮ್ ಒಂದನ್ನು ಇಟ್ಟಿಗೆಯ ಮೇಲಿಟ್ಟು ಬೆಂಕಿ ಹಾಕಿ. ನನ್ನ ಮನೆಯಲ್ಲಿರುವುದೂ ಅದೇ.

ಸೋಮವಾರಪೇಟೆಯವರದನ್ನು ಬಿಚ್ಚಿ ಮತ್ತೆ ಕಟ್ಟಿದೆವು. ನಾಲ್ಕು ಟ್ರಿಪ್ ಹೊಳೆಕಲ್ಲು ಏನು ಮಾಡೋದು ಅಂತ ಅಣ್ಣನಿಗೆ ಚಿಂತೆ. ಅಕ್ಕ ಅವತ್ತೇ ಸಂಜೆ ಆಂಥೂರಿಯಂ ಪಾತಿಯ ಸುತ್ತ ಜೋಡಿಸಿ ಮುಗಿಸಿದ್ದರು.