ಖಾನಾವಳಿಯ ಉದ್ರಿ ಪುಸ್ತಕ ಈಗ ಯಾರ ಕೈಲಿದೆ?

ಹುಬ್ಬಳ್ಳಿಯ ವಿದ್ಯಾನಗರದ ಕಡೆ ಖಾನಾವಳಿ ನಡೆಸುವ ಅಕ್ಕಾರೊಬ್ಬರು ನನ್ನ ಹಳೇ ಕ್ಲೈಂಟ್. ಏಪ್ರಿಲ್‌ನಲ್ಲಿ ವರ್ಷದ ಲೆಕ್ಕ ಕೊಡಲು ಬಂದವರು ಬ್ಯಾಂಕ್ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. "ಸರ, ದಿನಾ ಮೂವತ್ತು ಪಾರ್ಸೆಲ್ ಹೊಕ್ಕಾವು. ರೊಕ್ಕ ಎಲ್ಲಿ ಹೊಂಟೈತಿ ನೋಡ್ರಿ" ಅಂದರು.

ಪಾಸ್‌ಬುಕ್‌ನಲ್ಲಿ ಅದು ಕಾಣುವುದಿಲ್ಲ. ಊಟ ತಲುಪಿಸುವ ಆಪ್ ವಾರಕ್ಕೊಮ್ಮೆ ಕಳಿಸುವ ಸ್ಟೇಟ್‌ಮೆಂಟ್ ನೋಡಬೇಕು. ಅದು ಅವರ ಮಗನ ಇಮೇಲ್‌ಗೆ ಬರುತ್ತಿತ್ತು. ಮಗ ಒಂದನ್ನೂ ತೆರೆದಿರಲಿಲ್ಲ. ತೆರೆದು ಒಂದು ಆರ್ಡರ್ ಹಿಡಿದು ಕೂತೆವು.

ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಊಟ, ಆಪ್‌ನಲ್ಲಿ ಬೆಲೆ 240 ರೂಪಾಯಿ. ಅದರಲ್ಲಿ 40 ರೂಪಾಯಿ ಡಿಸ್ಕೌಂಟ್, ಪೂರ್ತಿ ಅಕ್ಕಾರ ಲೆಕ್ಕಕ್ಕೆ. "ಇದಕ್ಕ ನಾ ಯಾವಾಗ ಹ್ಞೂಂ ಅಂದೆ?" ಅಂತ ಕೇಳಿದರು. ಮಗ ಯಾವತ್ತೋ ಫೋನಿನಲ್ಲಿ ಒಂದು ಬಟನ್ ಒತ್ತಿದ್ದ. ಉಳಿದ 200ಕ್ಕೆ ಶೇ. 22 ಕಮಿಷನ್, 44 ರೂಪಾಯಿ. ಆ ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ, 7 ರೂಪಾಯಿ 92 ಪೈಸೆ. ಆಪ್‌ನಲ್ಲಿ ಅಂಗಡಿ ಹೆಸರು ಮೇಲೆ ಬರಲೆಂದು ಹಾಕಿದ ಜಾಹೀರಾತಿನ ಖರ್ಚು ಆರ್ಡರ್‌ಗೆ ಹಂಚಿದರೆ 10 ರೂಪಾಯಿ, ಅದಕ್ಕೂ ಜಿಎಸ್‌ಟಿ 1.80. ಆದಾಯ ತೆರಿಗೆಯೆಂದು ಮೊದಲೇ ಹಿಡಿದುಕೊಳ್ಳುವ ಟಿಡಿಎಸ್ 20 ಪೈಸೆ. ಇದೆಲ್ಲ ಕಳೆದು ಖಾತೆಗೆ ಬಿದ್ದದ್ದು 136 ರೂಪಾಯಿ 8 ಪೈಸೆ. ಡಬ್ಬಿ, ಗ್ಯಾಸು, ಬದನೆಕಾಯಿ, ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಪಗಾರ ಎಲ್ಲ ಇದರಲ್ಲೇ ಆಗಬೇಕು.

ಕಮಿಷನ್ ಬಗ್ಗೆ ಎಲ್ಲರೂ ಗೊಣಗುತ್ತಾರೆ. ಅದರ ಮೇಲಿನ ಶೇ. 18ರ ಬಗ್ಗೆ ಯಾರೂ ಮಾತಾಡುವುದಿಲ್ಲ. ದೊಡ್ಡ ಕಂಪನಿಯಾದರೆ ಇಂಥ ತೆರಿಗೆಯನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುತ್ತದೆ. ಊಟದ ಮೇಲೆ ಶೇ. 5 ಜಿಎಸ್‌ಟಿ ದರವಿರುವ ಹೋಟೆಲ್‌ಗೆ ಆ ಸವಲತ್ತು ಇಲ್ಲ. ಜಿಎಸ್‌ಟಿ ನೋಂದಣಿಯೇ ಇಲ್ಲದ ಖಾನಾವಳಿಗಂತೂ ಮೊದಲೇ ಇಲ್ಲ.

ಅಕ್ಕಾರಿಗೆ ನೋಂದಣಿ ಇರಲಿಲ್ಲ. "ಜಿಎಸ್‌ಟಿ ಅವ್ರ ಕಟ್ತಾರಲ್ರಿ" ಅನ್ನುವುದು ಅವರ ವಾದ. ಅದು ನಿಜ. 2022ರ ಜನವರಿ 1ರಿಂದ ಆಪ್ ಮೂಲಕ ಹೋದ ಊಟಕ್ಕೆ ಶೇ. 5 ತೆರಿಗೆಯನ್ನು ಆಪ್ ಕಂಪನಿಯೇ ಸರ್ಕಾರಕ್ಕೆ ಕಟ್ಟುತ್ತದೆ. ಆದರೆ ಆ ಮಾರಾಟ ಹೋಟೆಲಿನ ವಹಿವಾಟಿಗೇ ಸೇರುತ್ತದೆ. ಹೋಟೆಲ್‌ಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ದಿನಕ್ಕೆ 30 ಊಟ, ಬ್ಯಾಂಕಿಗೆ ಬಂದ 136ರ ಲೆಕ್ಕ ಹಿಡಿದರೆ ವರ್ಷಕ್ಕೆ 15 ಲಕ್ಷದ ಒಳಗೇ. ಅಕ್ಕಾರು ನಿಶ್ಚಿಂತೆಯಿಂದಿದ್ದರು. ಕಾನೂನು ನೋಡುವುದು 200ನ್ನು. ಹಾಗೆ ಕೂಡಿದರೆ 21 ಲಕ್ಷ ದಾಟಿತು, ಗಲ್ಲಾದ ವ್ಯಾಪಾರ ಬೇರೆ. ಕೈಗೆ ಬರದ ದುಡ್ಡೂ ವಹಿವಾಟೇ ಅಂತ ಅವರಿಗೆ ತಿಳಿಸಿ ಹೇಳಲು ಎರಡು ಚಹಾ ಬೇಕಾಯಿತು. ಆಮೇಲೆ ನೋಂದಣಿ ಮಾಡಿಸಿದೆವು, ಅದು ದೊಡ್ಡ ಕೆಲಸವೇನಲ್ಲ.

ನನಗೆ ಜಾಸ್ತಿ ಕಾಡಿದ್ದು ಬೇರೆ. ಇವರ ಮಾವನವರ ಕಾಲದ ಉದ್ರಿ ಪುಸ್ತಕ ನಾನು ನೋಡಿದ್ದೇನೆ. ಕೆಂಪು ಬಟ್ಟೆಯ ರಟ್ಟು, ಎಣ್ಣೆ ಕಲೆ. ಯಾರು ತಿಂಗಳ ಊಟದವರು, ಯಾರಿಗೆ ಖಾರ ಆಗೋದಿಲ್ಲ, ಯಾವ ಹುಡುಗನಿಗೆ ಊರಿಂದ ಮನಿ ಆರ್ಡರ್ ಯಾವ ವಾರ ಬರುತ್ತದೆ, ಎಲ್ಲ ಅದರಲ್ಲಿತ್ತು. ಈಗ ದಿನಕ್ಕೆ 30 ಊಟ ಮಾರುವ ಅಕ್ಕಾರಿಗೆ ಆ 30 ಜನ ಯಾರು ಅಂತ ಗೊತ್ತಿಲ್ಲ. ಆರ್ಡರ್ ಚೀಟಿಯಲ್ಲಿ ಒಂದು ಹೆಸರು, ಉದ್ದನೆಯ ಸಂಖ್ಯೆ, ಅಷ್ಟೇ. ಫೋನ್ ನಂಬರ್ ಇರುವುದಿಲ್ಲ. ನಾಳೆ ಆಪ್ ಬಿಟ್ಟರೆ "ನಾವಿಲ್ಲೇ ಇದ್ದೀವಿ" ಅಂತ ಯಾರಿಗೆ ಹೇಳುವುದು?

ಇದು ಒಬ್ಬರ ಗೋಳಲ್ಲ. ರೆಸ್ಟೋರೆಂಟ್‌ಗಳ ರಾಷ್ಟ್ರೀಯ ಸಂಘ 2021ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಕೊಟ್ಟ ದೂರಿನಲ್ಲಿ ಗ್ರಾಹಕರ ಮಾಹಿತಿ ಮುಚ್ಚಿಡುವ ವಿಷಯವೂ ಇತ್ತು. 2022ರ ಏಪ್ರಿಲ್‌ನಲ್ಲಿ ಆಯೋಗ ಜೊಮ್ಯಾಟೊ, ಸ್ವಿಗ್ಗಿ ಎರಡರ ಮೇಲೂ ತನಿಖೆಗೆ ಆದೇಶಿಸಿತು. ಬೇರೆ ಕಡೆ ಇದಕ್ಕಿಂತ ಕಡಿಮೆ ಬೆಲೆಗೆ ಮಾರಬಾರದು ಎಂಬಂಥ ಷರತ್ತುಗಳು ಅದರ ಮುಖ್ಯ ವಿಷಯಗಳಲ್ಲಿ ಒಂದು. ಗಿರಾಕಿಯ ನಂಬರ್ ಯಾರದ್ದು ಅನ್ನುವ ಪ್ರಶ್ನೆ ಅದಕ್ಕಿಂತ ದೊಡ್ಡದು ಅಂತ ನನಗನಿಸುತ್ತದೆ. ಬೆಲೆ ನಾಳೆ ಬದಲಿಸಬಹುದು, ಹೋದ ಗಿರಾಕಿಯನ್ನು ಹುಡುಕುವುದು ಹೇಗೆ?

ಗೋಡೆಯ ಮೇಲಿನ ಕ್ಯೂಆರ್ ಚೀಟಿಯೂ ಇದೇ ಮನೆತನದ್ದು. 2020ರ ಜನವರಿಯಿಂದ ಯುಪಿಐ ಮೇಲೆ ಅಂಗಡಿಯವರಿಗೆ ಎಂಡಿಆರ್, ಅಂದರೆ ಪಾವತಿ ಪಡೆದದ್ದಕ್ಕೆ ಕೊಡಬೇಕಾದ ಶುಲ್ಕ, ಇಲ್ಲ, ಅದು ದೊಡ್ಡ ಉಪಕಾರವೇ. ಆದರೆ ಸೋಮವಾರ ಎಷ್ಟು ಊಟ ಹೋಯಿತು, ಹಬ್ಬದ ವಾರ ಎಷ್ಟು ಕುಸಿಯಿತು ಅಂತ ಬ್ಯಾಂಕ್ ಮ್ಯಾನೇಜರ್‌ಗಿಂತ ಪೇಮೆಂಟ್ ಆಪ್‌ಗೆ ಚೆನ್ನಾಗಿ ಗೊತ್ತು. ಅದಕ್ಕೇ ಸಾಲ ಕೊಡ್ತೀವಿ ಅನ್ನುವ ಮೆಸೇಜು ಅಲ್ಲಿಂದ ಮೊದಲು ಬರುತ್ತದೆ. ದೇಶದ ಯುಪಿಐ ವಹಿವಾಟಿನಲ್ಲಿ ಬಹುಪಾಲು ಫೋನ್‌ಪೇ, ಗೂಗಲ್ ಪೇ ಎರಡರಲ್ಲೇ ನಡೆಯುತ್ತದೆ. ಒಂದೇ ಆಪ್ ಶೇ. 30ಕ್ಕಿಂತ ಹೆಚ್ಚು ಪಾಲು ಹೊಂದಬಾರದು ಅಂತ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2020ರ ನವೆಂಬರ್‌ನಲ್ಲೇ ಹೇಳಿತ್ತು. ಗಡುವು ಮುಂದೆ ಹೋಗಿ ಹೋಗಿ 2026ರ ಕೊನೆಗೆ ಬಂದು ನಿಂತಿದೆ. ನಮ್ಮ ಕ್ಲೈಂಟ್‌ಗಳಿಗೆ ಆಡಿಟ್‌ನ ಗಡುವನ್ನು ಯಾರೂ ಇಷ್ಟು ಧಾರಾಳವಾಗಿ ಮುಂದೂಡಿದ್ದು ನೋಡಿಲ್ಲ!

ಆಪ್ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅಕ್ಕಾರ ಖಾನಾವಳಿ ಇರುವುದು ಓಣಿಯೊಳಗೆ. ಹೊಸದಾಗಿ ಬಂದ ಹಾಸ್ಟೆಲ್ ಹುಡುಗರು ಹುಡುಕಿಕೊಂಡು ಬರುವುದು ಕಷ್ಟ. ಹೊಸ ಗಿರಾಕಿಗೆ 44 ರೂಪಾಯಿ ಕೊಡಿ, ಅದೇ ಹುಡುಗ ಹತ್ತನೇ ಸಲ ಬಂದಾಗಲೂ ಕೊಡಬೇಕಾ ಅಂತ ಲೆಕ್ಕ ಹಾಕಿ ಅಂದೆ, ಅಷ್ಟೇ. ಡಿಸ್ಕೌಂಟ್ ಮತ್ತು ಜಾಹೀರಾತು ಎರಡನ್ನೂ ಅಲ್ಲೇ ಕೂತು ನಿಲ್ಲಿಸಿದೆವು. ಮೊದಲ ವಾರ ಆರ್ಡರ್ ಇಳಿದವು, ಕೈಗೆ ಬಂದ ರೊಕ್ಕ ಇಳಿಯಲಿಲ್ಲ.

ಮೊನ್ನೆ ರಿಟರ್ನ್ ಕೆಲಸಕ್ಕೆ ಬಂದಾಗ ಚೀಲದಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇತ್ತು. ನೇರವಾಗಿ ಫೋನ್ ಮಾಡಿ ಊಟ ತರಿಸುವವರ ಹೆಸರು, ನಂಬರ್, ಎಷ್ಟು ರೊಟ್ಟಿ, ಖಾರ ಎಷ್ಟು. ಒಟ್ಟು 63 ಜನ.

"ಇದನ್ನ ಬ್ಯಾಲೆನ್ಸ್ ಶೀಟ್‌ನಾಗ ಎಲ್ಲಿ ತೋರಸ್ತೀರಿ ಸರ?"

ತೋರಿಸೋಕೆ ಬರೋದಿಲ್ಲ ಅಂದೆ. ನೋಟ್‌ಬುಕ್ ವಾಪಸ್ ಚೀಲಕ್ಕೆ ಹಾಕಿಕೊಂಡರು. ಪಾಸ್‌ಬುಕ್ ನನ್ನ ಮೇಜಿನ ಮೇಲೇ ಮರೆತು ಹೋದರು.